ಕೌದಿಯ ಮೇಲಿನ ಐದು ಮನೆ

ಆ ವರ್ಷ ಪಂಚಮಿಗೆ ನೀನು ತವರಿಗೆ ಹೋಗದಂತೆ ಮಾಡಿದವಳು ನಾನು, ನೀಲಕ್ಕಾ. ಹಣೆಬರಹ ಅಲ್ಲ, ದೇವರೂ ಅಲ್ಲ—ನಾನು. ಯಾವ ಎಲೆಯ ಹಿಂದೆ ಯಾವ ಎಲೆ ಇದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಗೆದ್ದೆ. ಹೋದೆ.

ಇಷ್ಟು ಬರೆಯಲು ಅರವತ್ತು ವರ್ಷ ಬೇಕಾಯಿತು ನೋಡು. ಬರೆದಾಯಿತಲ್ಲ, ಇನ್ನು ಕೈ ನಿಲ್ಲುವುದಿಲ್ಲ. ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಗೊತ್ತಿರುವುದರ ನಡುವೆಯೇ ಅಲ್ಲವೇ ನಾನು ಇದನ್ನು ಬಚ್ಚಿಟ್ಟದ್ದು.

ಕುಲಗೋಡದ ಮನೆಗೆ ನಾನು ಕಿರಿಯ ಸೊಸೆಯಾಗಿ ಬಂದಾಗ ಹುಕ್ಕೇರಿಯ ಸಾಲೆಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ಎಂಬ ಸೊಕ್ಕು ತಲೆಯ ತುಂಬ ಇತ್ತು. ನೀನು ಹಿರಿಯ ಸೊಸೆ, ಹಿಡಕಲ್ಲಿನವಳು, ಅಕ್ಷರ ಕಲಿಯದವಳು. ಮೊದಲ ದಿನವೇ ನನ್ನ ಕೈಯೊಳಗಿನ ಹಿಟ್ಟಿನ ಮುದ್ದೆ ಕಸಿದುಕೊಂಡು, "ಪುಸ್ತಕ ಓದಿದರ ರೊಟ್ಟಿ ಉಬ್ಬೂದಿಲ್ಲ ತಂಗಿ, ಹಿಂಗ ಬಡೀಬೇಕು" ಎಂದು ನಕ್ಕಿದ್ದೆ. ಆ ನಗುವಿನಲ್ಲಿ ಚುಚ್ಚು ಇರಲಿಲ್ಲ. ಅಂದಿನಿಂದ ನನಗೆ ನೀನು ನೆಗೆಣ್ಣಿಯಲ್ಲ, ಅಕ್ಕ.

ಆ ಎಲೆಗಳ ಕಟ್ಟು ನೆನಪಿದೆಯೇ? ಮಾವ ಪಲ್ಟನ್ನಿನಿಂದ ಬರುವಾಗ ತಂದ ಇಸ್ಪೀಟ್ ಎಲೆಗಳು. ಅಂಚೆಲ್ಲ ಸವೆದು ನೂಲೆದ್ದು, ಹಳೆಯ ಬಟ್ಟೆಯಂತೆ ಮೆತ್ತಗಾಗಿದ್ದವು. ಒಂದು ದಿನ ನಮ್ಮ ಆಡು ಅದರಲ್ಲೊಂದು ರಾಣಿಯನ್ನು ತಿಂದುಬಿಟ್ಟಿತು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ, ನಮ್ಮದು ರಾಣಿಯನ್ನೂ ಬಿಡಲಿಲ್ಲ! ಉಳಿದವು ಐವತ್ತೊಂದು. ಒಂದು ಎಲೆ ಇಲ್ಲದ ಕಟ್ಟಿನಲ್ಲಿ ಗಂಡಸರು ಆಡುವುದಿಲ್ಲ. "ಒಲಿಗೆ ಹಾಕ್ರಿ" ಎಂದು ಒಳಗೆ ಎಸೆದರು. ನಾನು ಒಲೆಗೆ ಹಾಕಲಿಲ್ಲ.

ಅಯ್ಯೋ, ಆ ದಿನಗಳ ಹುರುಪು! ಒಂದು ಎಲೆ ಕಡಿಮೆ ಇದ್ದರೂ ನಡೆಯುವ ಆಟ ಯಾವುದು? ನೀರು ಸೇದುವಾಗ ಅದೇ ಯೋಚನೆ, ಜೋಳ ಹಸನು ಮಾಡುವಾಗ ಅದೇ. ಮೊದಲು ಎಲ್ಲರ ಕೈಗೂ ಎಲೆ ಕೊಟ್ಟು ನೋಡಿದೆ. ಒಬ್ಬಳ ಕೈಗೆ ಹಿಟ್ಟು, ಇನ್ನೊಬ್ಬಳ ಕೈಗೆ ಸಗಣಿ, ಮತ್ತೊಬ್ಬಳ ಮಡಿಲಲ್ಲಿ ಕೂಸು. ಹೆಂಗಸರಿಗೆ ಎಲೆ ಹಿಡಿಯಲು ಖಾಲಿ ಕೈ ಎಲ್ಲಿಂದ ಬರಬೇಕು? ಆಟ ಕೆಟ್ಟುಹೋಯಿತು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಥಟ್ಟನೆ ಹೊಳೆಯಿತು—ಎಲೆ ಹಿಡಿಯುವುದೇ ಬೇಡ! ಯಾರ ಕೈಗೂ ಬೇಡ! ಎಲೆಗಳು ನೆಲದ ಮೇಲೆ ಇರಲಿ, ನಾವು ಅವುಗಳ ಮೇಲೆ ಪಣ ಕಟ್ಟೋಣ! ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು, ಅತ್ತೆ ಬೈದರು, ನನಗೆ ಏನೂ ಕೇಳಿಸಲಿಲ್ಲ.

ನಿನ್ನ ಬಾಣಂತನಕ್ಕೆಂದು ನಿನ್ನ ಅವ್ವ ಹೊಲಿದು ಕೊಟ್ಟಿದ್ದ ಕೌದಿಯನ್ನು ಪಡಸಾಲೆಯಲ್ಲಿ ಹಾಸಿದೆ. ಅದರಲ್ಲಿ ಸಾಲಾಗಿ ಐದು ದೊಡ್ಡ ತೇಪೆ—ಕೆಂಪು, ಹಸಿರು, ನಡುವೆ ನಿನ್ನ ಅವ್ವನ ಹಳೆಯ ಹಳದಿ ಸೀರೆಯದು, ಆಮೇಲೆ ನೀಲಿ, ಬಿಳಿ. ಐದು ತೇಪೆ ಐದು ಮನೆ. ಒಂದೊಂದು ಮನೆಗೆ ಮೂರು ಮೂರು ಎಲೆ. ಮೂರನ್ನೂ ತೆರೆದಿಟ್ಟರೆ ಎಲ್ಲರೂ ದೊಡ್ಡ ಮನೆಯನ್ನೇ ಹಿಡಿಯುತ್ತಾರೆ, ಮೂರನ್ನೂ ಮುಚ್ಚಿಟ್ಟರೆ ಕುರುಡರ ಆಟ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ತೆರೆದು ಎರಡು ಮುಚ್ಚಿದೆ. ಆಸೆಗೆ ಒಂದು, ಅಂಜಿಕೆಗೆ ಎರಡು! ತೆರೆದ ಎಲೆ ನೋಡಿ ಪಣ ಕಟ್ಟಬೇಕು, ಆಮೇಲೆ ಉಳಿದೆರಡನ್ನು ತಿರುವಬೇಕು. ಜೋಡಿ ಬಂದರೆ ಒಂಟಿ ಎಲೆಗಿಂತ ಮೇಲು, ನಾಲ್ಕು-ಐದು-ಆರು ಎಂಬಂತೆ ಸಾಲು ಬಂದರೆ ಜೋಡಿಗಿಂತಲೂ ಮೇಲು.

ಪಣಕ್ಕೆ ನಮ್ಮ ಬಳಿ ಏನಿತ್ತು? ಕೆಲಸ ಇತ್ತು. ಸೋತವಳು ಗೆದ್ದವಳ ಪಾಲಿನ ನೀರು ತರಬೇಕು. ರಾಜನ ಮನೆ ಹಿಡಿದು ಗೆದ್ದರೆ ಒಂದು ಕೊಡ, ಯಾರೂ ನಂಬದ ಸಣ್ಣ ಎಲೆಯ ಮನೆ ಹಿಡಿದು ಗೆದ್ದರೆ ಎರಡು ಕೊಡ. ಈ ಕಾಯಿದೆ ನನ್ನದೇ. ಇಂದಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ—ನಾಚಿಕೆಗೇಡು, ಆದರೂ ಖರೆ.

ಎಲೆ ಹಂಚುವ ಕೆಲಸ ಅತ್ತೆಯದು. ಅವರು ಪಣ ಕಟ್ಟುತ್ತಿರಲಿಲ್ಲ, ಹೀಗಾಗಿ ತಕರಾರೂ ಇರಲಿಲ್ಲ. ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲೇ. ಒಬ್ಬಳು ಗದ್ದ ಚಾಚಿ ಮನೆ ತೋರಿಸುವಳು, ಇನ್ನೊಬ್ಬಳು ಸೌಟು ಚಾಚಿ. ನೀನು ಮಾತ್ರ ಎಲೆಯನ್ನು ನೋಡುತ್ತಲೇ ಇರಲಿಲ್ಲ. ಯಾವಾಗಲೂ ನಡುವಿನ ಹಳದಿ ಮನೆ. "ನಂದು ಅವ್ವನ ಸೀರಿ ಮ್ಯಾಲ" ಎನ್ನುತ್ತಿದ್ದೆ. ಅತ್ತೆ ರೇಗಿಸುತ್ತಿದ್ದರು, "ಏ ನೀಲಿ, ಎಲಿ ನೋಡಿ ಪೈಜ ಕಟ್ಟ ಹುಚ್ಚಿ." ನೀನು ಸೋತು ನೀರು ತಂದರೂ ಓಣಿಯ ತುಂಬ ಹೇಳಿಕೊಂಡು ಬರುತ್ತಿದ್ದೆ—"ಈ ಆಟಾ ನಮ್ಮ ತಂಗಿ ಹುಟ್ಟಿಸ್ಯಾಳ್ರಿ! ಸಾಲಿ ಕಲತಾಕಿ!"

ಇನ್ನು ತಪ್ಪಿನ ಮಾತು.

ಎಲೆಗಳು ಜೀರ್ಣವಾಗಿದ್ದವಲ್ಲ, ಕಲಸಿದರೆ ಹರಿಯುತ್ತಿದ್ದವು. ಅದಕ್ಕೆ ಅತ್ತೆ, "ಕಲಸಬ್ಯಾಡ್ರೆವಾ, ನಡುಕಿಂದ ಎತ್ತಿ ಕೆಳಗ ಇಟ್ಟರ ಸಾಕು" ಎಂದರು. ಮೂರು ಮೂರೇ ಎತ್ತಿ ಮನೆಮನೆಗೆ ಇಡುವುದು, ಆಟ ಮುಗಿದ ಮೇಲೆ ಮೂರು ಮೂರನ್ನೇ ಕೂಡಿಸಿ ಕಟ್ಟಿನ ಕೆಳಗೆ ಸೇರಿಸುವುದು. ಎಲೆಗಳ ಮೇಲಿನ ಕಾಳಜಿ, ಬೇರೇನಲ್ಲ. ಆದರೆ ಲೆಕ್ಕ ನೋಡು—ಐವತ್ತೊಂದು ಎಲೆ, ಮೂರು ಮೂರರಂತೆ ಹದಿನೇಳು ಗುಂಪು, ಒಂದೂ ಹೆಚ್ಚು ಉಳಿಯುವುದಿಲ್ಲ. ಕಲಸದೆ ಆಡುತ್ತಾ ಹೋದರೆ ಒಮ್ಮೆ ಕೂಡಿದ ಮೂರು ಎಲೆಗಳು ಮತ್ತೆ ಮತ್ತೆ ಕೂಡಿಯೇ ಬರುತ್ತವೆ! ಆಡು ಆ ರಾಣಿಯನ್ನು ತಿನ್ನದೆ ಇದ್ದಿದ್ದರೆ ಇಷ್ಟು ಸರಿಯಾಗಿ ಕೂಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತಾ ಕುಳಿತಾಗ ನನಗೆ ಇದು ಹೊಳೆಯಿತು. ಅಟ್ಟಕ್ಕೆ ಓಡಿ ಒಬ್ಬಳೇ ಎಲೆ ಹರವಿ ನೋಡಿದೆ. ಹೌದು! ಒಂದು ಎಲೆ ಕಂಡರೆ ಅದರ ಹಿಂದಿನ ಎರಡನ್ನು ನಾನು ಹೇಳಬಲ್ಲೆ! ಒಮ್ಮೊಮ್ಮೆ ಎತ್ತಿಟ್ಟ ಜಾಗ ಗುಂಪಿನ ನಡುವೆ ಬಿದ್ದು ಲೆಕ್ಕ ತಪ್ಪುತ್ತಿತ್ತು, ಆದರೆ ತಪ್ಪಿದ್ದು ಕೂಡ ತೆರೆದ ಎಲೆ ನೋಡಿದ ಕೂಡಲೇ ನನಗೆ ತಿಳಿಯುತ್ತಿತ್ತು. ಅಟ್ಟದ ಮೇಲೆ ಒಬ್ಬಳೇ ಕುಣಿದೆ.

ಕೆಳಗಿಳಿದು ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಬಂತು, ಎರಡು ಕೊಡ ಗೆದ್ದೆ. ಮರುದಿನವೂ ಹೇಳಲಿಲ್ಲ... ಒಂದು ತಿಂಗಳು ನನ್ನ ಪಾಲಿನ ನೀರನ್ನು ನೀನು ಹೊತ್ತೆ, ಅಕ್ಕಾ. "ತಂಗಿ ಕೈಗುಣಾ ಚೊಲೋ ಐತಿ" ಎಂದು ಹೊಗಳುತ್ತಾ ಹೊತ್ತೆ.

ಶ್ರಾವಣ ಬಂತು. ಅತ್ತೆಯ ಪಾದವನ್ನು ಎಮ್ಮೆ ತುಳಿದು ಎಲುಬು ಮುರಿದಿತ್ತು. ಮೂಡಲಗಿಗೆ ಕರೆದೊಯ್ದು ಪಟ್ಟಿ ಕಟ್ಟಿಸಿದ್ದರು, ಎದ್ದು ನಡೆಯುವ ಹಾಗಿರಲಿಲ್ಲ. ಪಂಚಮಿಯ ಮುಂಚಿನ ದಿನ ಗೋಕಾಕದ ಬಸ್ಸಿನಿಂದ ನಮ್ಮಿಬ್ಬರ ಅಣ್ಣಂದಿರೂ ಕೂಡಿಯೇ ಇಳಿದರು, ನಮ್ಮನ್ನು ಕರೆದೊಯ್ಯಲು. ಅತ್ತೆಗೆ ಪೇಚಾಟ. "ನನಗ ನೀವಿಬ್ಬರೂ ಎರಡ ಕಣ್ಣು. ಇಬ್ಬರೂ ಹೋದರ ನನ್ನ ಹೊರಗ ಯಾರ ಕರಕೊಂಡ ಹೋಗಾವರು? ಒಬ್ಬಾಕಿ ಹೋಗ್ರಿ. ಯಾರಂತ ನಾ ಹೇಳೂದಿಲ್ಲ. ನಿಮ್ಮ ಆಟದಾಗ ನೀವ ತೀರಿಸ್ಕೋರಿ." ನೀನು ಕೂಡಲೇ ಒಪ್ಪಿದೆ. ನಾನೂ ಒಪ್ಪಿದೆ.

ಆಟಕ್ಕೆ ಕೂರುವ ಮುಂಚೆ ಒಂದು ಗಳಿಗೆ ಇದೆ. ಬರೆಯಲು ಹೆದರುತ್ತಿದ್ದದ್ದು ಇದನ್ನೇ.

ನಾನು ಬಚ್ಚಲಲ್ಲಿದ್ದೆ. ಗೋಡೆಯ ಆಚೆ ದನದ ಗೋದಲಿಯ ಹತ್ತಿರ ನಿನ್ನ ಅಣ್ಣ ಶಿವಲಿಂಗಣ್ಣ ನಿನಗೆ ಹೇಳುತ್ತಿದ್ದ. "ನೀಲಾ, ಅವ್ವನ ಕಣ್ಣ ದಿನಾ ಮಬ್ಬ ಆಗಾಕತ್ತಾವು. ದೀಪಾವಳಿತನಕ ಕಾಣಸ್ತೈತೋ ಇಲ್ಲೋ ಅಂದಾರ ಡಾಕ್ಟರು. ಕಣ್ಣ ಇದ್ದಾಗ ಒಮ್ಮಿ ನಿನ್ನ ಮಾರಿ ನೋಡಬೇಕಂತಾಳ."

ನೀನು ಅಂದೆ—"ಇದನ್ನ ಒಳಗ ಹೇಳಬ್ಯಾಡ ಅಣ್ಣಾ. ಹೇಳಿದರ ತಂಗಿ ಬಿಟ್ಟ ಕೊಟ್ಟ ಬಿಡ್ತಾಳ. ಅಕಿನೂ ವರ್ಷದಿಂದ ತವರ ಹಾದಿ ನೋಡ್ಯಾಳ. ಆಟದಾಗ ಬಂದರ ಬರ್ತೇನಿ."

ಹೇಳಿದರೆ ತಂಗಿ ಬಿಟ್ಟುಕೊಡುತ್ತಾಳೆ. ನಿನಗೆ ನನ್ನ ಮೇಲೆ ಅಷ್ಟು ನಂಬಿಕೆ. ನಾನು ಕೇಳಿಸಿಕೊಂಡೆ, ಸದ್ದಿಲ್ಲದೆ ತಂಬಿಗೆ ಕೆಳಗಿಟ್ಟೆ, ಬಂದು ಕೌದಿಯ ಮೇಲೆ ಕುಳಿತೆ.

ನನಗೆ ತವರಿನಲ್ಲಿ ಏನಿತ್ತು ಗೊತ್ತೇ? ಯಾರಿಗೂ ಜಡ್ಡಿರಲಿಲ್ಲ, ಯಾರೂ ಅಳುತ್ತಿರಲಿಲ್ಲ. ನನ್ನ ಗೆಳತಿಯರಿಗೆ ನನ್ನ ಆಟ ತೋರಿಸಬೇಕಿತ್ತು—ಅಷ್ಟೇ! ಜೋಕಾಲಿ ಬಿಟ್ಟು ಅವರೆಲ್ಲ ನನ್ನ ಸುತ್ತ ನೆರೆಯಬೇಕು, "ಇದನ್ನ ನೀ ಹುಟ್ಟಿಸಿದೇನ?" ಎಂದು ಬಾಯಿ ತೆರೆಯಬೇಕು. ಆ ಆಸೆಗೆ ರಾತ್ರಿ ನಿದ್ದೆಯೂ ಬಂದಿರಲಿಲ್ಲ.

ಅತ್ತೆ ಎಲೆ ಎತ್ತಿಟ್ಟು ಹಂಚಿದರು. ಐದು ಮನೆ, ಐದು ತೆರೆದ ಎಲೆ. ಹಳದಿ ಮನೆಯಲ್ಲಿ ರಾಜ. "ಹಿರ್ಯಾಕಿ ಮೊದಲ ಹಿಡೀಲಿ" ಎಂದರು ಅತ್ತೆ. ನೀನು ಎಂದಿನಂತೆ ಹಳದಿಯ ಮೇಲೆ ಬಳೆ ಬಿಚ್ಚಿಟ್ಟೆ. ಅಂದು ರಾಜನೂ ಅಲ್ಲೇ ಕುಳಿತಿದ್ದನಲ್ಲ, ನಿನ್ನ ಮುಖ ಅರಳಿತು. "ನೋಡ್ರಿ ಅತ್ತಿ, ಅವ್ವ ಕರ್ಯಾಕತ್ತಾಳ!"

ರಾಜನ ಹಿಂದೆ ಒಂಬತ್ತು ಮತ್ತು ಎರಡು ಇವೆ ಎಂದು ನನಗೆ ಗೊತ್ತಿತ್ತು. ಕೊನೆಯ ಬಿಳಿ ಮನೆಯಲ್ಲಿ ಒಂದು ಕೆಂಪು ನಾಲ್ಕು. ಅದರ ಹಿಂದೆ ಐದು, ಆರು. ನಾನು ನಾಲ್ಕರ ಮೇಲೆ ಬಳೆ ಇಟ್ಟೆ. ಎಲ್ಲರೂ ಹೋ ಎಂದು ನಕ್ಕರು. "ತಂಗೀ, ರಾಣಿ ಮನಿ ಖಾಲಿ ಐತಿ, ಅಲ್ಲೆ ಇಡ! ಸೋಲ್ತಿ!" ಎಂದು ನೀನೇ ಎಚ್ಚರಿಸಿದೆ—ನನ್ನ ಎದುರಾಳಿ ನೀನು, ನೀನೇ! ನಾನು ಬಳೆ ಸರಿಸಲಿಲ್ಲ. ಅತ್ತೆ ಎಲೆ ತಿರುವಿದರು. ರಾಜ, ಒಂಬತ್ತು, ಎರಡು. ನಾಲ್ಕು, ಐದು, ಆರು.

ನಾನು ಕಿರುಚಿ ಎದ್ದೆ. ನಿಜವಾದ ಸಂತೋಷದಿಂದ, ಅಕ್ಕಾ. ನೀನು ಒಂದು ಕ್ಷಣ ಹಳದಿ ತೇಪೆಯನ್ನು ಕೈಯಿಂದ ಸವರಿದೆ. ಆಮೇಲೆ ಎದ್ದು ನನ್ನ ಸೀರೆಗಳನ್ನು ಮಡಚಿ ಗಂಟು ಕಟ್ಟಿಕೊಟ್ಟೆ.

ಗೋಕಾಕದಿಂದ ಹುಕ್ಕೇರಿಯ ಕಡೆ ಹೋಗುವ ಬಸ್ಸಿನಲ್ಲಿ ನಾನು, ನನ್ನ ಅಣ್ಣ, ಮತ್ತು ತಂಗಿ ಇಲ್ಲದೆ ಹೊರಟಿದ್ದ ಶಿವಲಿಂಗಣ್ಣ. ಶಿವಲಿಂಗಣ್ಣನೇ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟ. ಮಡಿಲೊಳಗಿನ ಗಂಟು ಬಿಚ್ಚಿ, "ನೀಲಿ ಹಾದ್ಯಾಗ ತಿನ್ನಲಿ ಅಂತ ಅವ್ವ ಕಟ್ಟಿದ ಉಂಡಿ. ನೀವ ತಿನ್ರಿ ತಂಗೀ, ನೀವೂ ಬ್ಯಾರೆ ಅಲ್ಲ" ಎಂದ. ಒಂದು ದೊಡ್ಡದು, ಒಂದು ಸಣ್ಣದು, ಶೇಂಗಾದ ಸಿಪ್ಪೆ ಕೂಡ ಅಲ್ಲಲ್ಲಿ ಉಳಿದಿತ್ತು—ಸರಿಯಾಗಿ ಕಾಣದ ಕಣ್ಣಿನಲ್ಲಿ ಕಟ್ಟಿದ ಉಂಡೆಗಳು. ನಾನು ತಿಂದೆ. ಎರಡು ತಿಂದೆ. ಹಿಡಕಲ್ಲಿನ ಹಾದಿ ಒಡೆಯುವಲ್ಲಿ ಅವನು ಇಳಿದು ಹೋದ, ತಿರುಗಿ ನೋಡಲಿಲ್ಲ.

ಪಶ್ಚಾತ್ತಾಪದಿಂದ ಬೆಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಹುಕ್ಕೇರಿಯಲ್ಲಿ ಮೂರು ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ! ಜೋಕಾಲಿ ಖಾಲಿ ತೂಗುತ್ತಿತ್ತು, ಹುಡುಗಿಯರೆಲ್ಲ ನನ್ನ ಐದು ಮನೆಯ ಸುತ್ತ. ಕೊಬ್ಬರಿ ಬಟ್ಟಲು ಪಣ, ಹುರಿದ ಜೋಳದ ಅಳ್ಳು ಪಣ, ಕೂಗಾಟ, ನಗು. ನಾನು ಹಂಚಿದೆ, ನಾನೇ ಕಾಯಿದೆ ಹೇಳಿದೆ, ನಾನೇ ನ್ಯಾಯ ಮಾಡಿದೆ. ಅಂಥ ಸಂತೋಷ ಆಮೇಲೆ ನನ್ನ ಬಾಳಿನಲ್ಲಿ ಎಷ್ಟು ಸಲ ಬಂತು ಎಂದು ಬೆರಳು ಮಡಚಿ ಹೇಳಬಲ್ಲೆ.

ನೀನು ತವರಿಗೆ ಹೋದದ್ದು ದೀಪಾವಳಿಗೆ. ಮರಳಿ ಬಂದು ಒಲೆಯ ಮುಂದೆ ಕುಳಿತು ಹೇಳಿದೆ. ಅವ್ವ ಬಾಗಿಲಲ್ಲೇ ನಿಂತಿದ್ದಳಂತೆ, ನೀನು ಎದುರಿಗೆ ಹೋಗಿ ನಿಂತರೂ "ಯಾರದು?" ಅಂದಳಂತೆ. ಆಮೇಲೆ ಹತ್ತೂ ಬೆರಳಿನಿಂದ ನಿನ್ನ ಹಣೆ, ಮೂಗು, ಗಲ್ಲ ಮುಟ್ಟಿ ಮುಟ್ಟಿ, "ಸಣ್ಣ ಆಗೀಯೇನವಾ?" ಎಂದು ಕೇಳಿದಳಂತೆ. ಹೇಳುತ್ತಾ ಹೇಳುತ್ತಾ ನೀನು ನಕ್ಕೆ. "ಇರಲಿ ಬಿಡ ತಂಗಿ. ಮ್ಯಾಲಿನ ಶಿವಾ ಎಲಿ ಹಂಗ ಹಂಚಿದ. ನಾಕರ ಮುಂದ ರಾಜಾ ಸೋತ. ಅದಕ್ಕ ಯಾರೇನ ಮಾಡಾವರು?"

ಆಗಲೂ ನಾನು ಬಾಯಿ ಬಿಡಲಿಲ್ಲ. ರೊಟ್ಟಿ ತಿರುವಿ ಹಾಕಿದೆ.

ಮುಂದಿನ ಸಂತೆಗೆ ಗೋಕಾಕದಿಂದ ಹೊಸ ಕಟ್ಟು ತರಿಸಿದೆ, "ಇನ್ನ ಮ್ಯಾಲ ಕಲಸೇ ಹಂಚಬೇಕು" ಎಂದು ಕಾಯಿದೆ ಬದಲಿಸಿದೆ. "ಅಯ್ಯ, ಹಳೇ ಎಲಿನ ಚೊಲೋ ಇದ್ದೂ" ಎಂದು ನೀನು ಕೊರಗಿದೆ. ಆಟ ಓಣಿ ದಾಟಿ ಊರೂರಿಗೆ ಹೋಯಿತು. ಗಂಡಸರೂ ಕಲಿತರು, ರೊಕ್ಕ ಹಚ್ಚಿಯೂ ಆಡಿದರು. ನಾನು ಮಾತ್ರ ಮತ್ತೆ ಪಣ ಕಟ್ಟಲಿಲ್ಲ. ಯಾಕೆ ಎಂದು ನೀನು ಎಷ್ಟೋ ಸಲ ಕೇಳಿದ್ದೀ. ನಿನ್ನ ಅವ್ವ ಆಮೇಲೆ ಹನ್ನೊಂದು ವರ್ಷ ಬದುಕಿದಳು. ನಿನ್ನ ಮುಖವನ್ನು ಮತ್ತೆ ನೋಡಲಿಲ್ಲ, ಆಮೇಲೆ ಹುಟ್ಟಿದ ನಿನ್ನ ಮಗಳನ್ನಂತೂ ಒಮ್ಮೆಯೂ ನೋಡಲಿಲ್ಲ. ಅಷ್ಟು ವರ್ಷವೂ ನೀನು ಶಿವನನ್ನೇ ಕೇಳುತ್ತಿದ್ದೆ—ಎಲೆ ಹಾಗೇಕೆ ಹಂಚಿದೆ ಎಂದು. ನನ್ನ ತಪ್ಪನ್ನು ಶಿವನ ಮೇಲೆ ಹೊರಿಸಿ ಬದಿಗೇ ಕುಳಿತಿದ್ದವಳು ನಾನು.

ವಯಸ್ಸು ಚಿಕ್ಕದಿತ್ತು ಎನ್ನಲಾರೆ. ಬುದ್ಧಿ ಸಾಕಷ್ಟಿತ್ತು, ಬುದ್ಧಿಯಿಂದಲೇ ಮಾಡಿದೆ.

ಇದನ್ನು ಮಡಚಿ ನಿನ್ನ ದಿಂಬಿನ ಕೆಳಗಿಟ್ಟು ಬಂದುಬಿಡೋಣ ಎಂದುಕೊಂಡಿದ್ದೆ. ಆದರೆ ನಿನಗೆ ಓದಲು ಬರುವುದಿಲ್ಲ. ಮೊಮ್ಮಗಳ ಕೈಯಲ್ಲಿ ಓದಿಸಿದರೆ ಅದು ಮತ್ತೊಂದು ಬಚ್ಚಿಡುವಿಕೆ. ನಾಳೆ ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ. ಬೆಳಕಿರುವ ಕಡೆ ನಿನ್ನ ಎದುರಿಗೆ ಕುಳಿತು, ನೀನು ನನ್ನ ಮುಖ ನೋಡುತ್ತಿರುವಾಗಲೇ, ನನ್ನ ಬಾಯಿಂದಲೇ ಓದುತ್ತೇನೆ.