ಗಾಜಿನ ಎಳೆ ಬೆಸೆಯುವ ಕೈಲಾಸ್

ಬೆಳಗಿನ ಆರು ಗಂಟೆ. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ನೀರಿನ ಪೈಪಿಗೆಂದು ತೋಡಿದ ಹೊಂಡದೊಳಗೆ ಕೈಲಾಸ್ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಅಗೆತಕ್ಕೆ ಸಿಕ್ಕಿ ತುಂಡಾದ ಇಂಟರ್ನೆಟ್ ಕೇಬಲ್. ಅದರೊಳಗೆ ಕೂದಲೆಳೆಯಂಥ ಇಪ್ಪತ್ತನಾಲ್ಕು ಗಾಜಿನ ಎಳೆಗಳು. ಒಂದೊಂದನ್ನೂ ಸುಲಿದು, ಒರೆಸಿ, ಪುಟ್ಟ ಯಂತ್ರದಲ್ಲಿಟ್ಟು ಬೆಸೆಯಬೇಕು. ದೀಪಾವಳಿಯಿಂದ ಈಚೆಗೆ ಇದೇ ರಸ್ತೆಯಲ್ಲಿ ಕೇಬಲ್ ತುಂಡಾಗಿರುವುದು ಇದು ಏಳನೇ ಸಲ.

ನಲವತ್ತೆಂಟರ ಕೈಲಾಸ್‌ಗೆ ಈ ಕೆಲಸದಲ್ಲಿ ಇಪ್ಪತ್ತೈದು ವರ್ಷ. ಬಸವನಗುಡಿಯ ಸೈಬರ್ ಕೆಫೆಯೊಂದರಲ್ಲಿ ವೈರು ಎಳೆಯುತ್ತಿದ್ದಾಗಲೇ ಒಬ್ಬ ಎಂಜಿನಿಯರ್, ಇನ್ನೈದು ವರ್ಷದಲ್ಲಿ ವೈರೇ ಇರುವುದಿಲ್ಲ, ಬೇರೆ ಕಸುಬು ನೋಡಿಕೋ ಎಂದಿದ್ದರಂತೆ. ಆಮೇಲೆ ಹಾಗೆ ಹೇಳಿದವರಿಗೆ ಲೆಕ್ಕವಿಲ್ಲ. ಮೊನ್ನೆ ಕಂಪನಿಯ ತರಬೇತಿಗೆ ಬಂದವರೂ ಅದನ್ನೇ ಹೇಳಿದ್ದಾರೆ: ಮುಂದೆ ಎಲ್ಲವೂ ಉಪಗ್ರಹದ ಮೂಲಕ ಆಕಾಶದಿಂದಲೇ ಬರುತ್ತದೆ, ಮನೆಯಲ್ಲಿ ಕಂಪ್ಯೂಟರೂ ಬೇಕಿಲ್ಲ, ಬರೀ ಪರದೆ ಸಾಕು.

"ಆಕಾಶದಿಂದ ಬರೋದೂ ಕೊನೆಗೆ ನೆಲಕ್ಕೇ ಇಳೀಬೇಕಲ್ಲ ಸಾರ್," ಎನ್ನುತ್ತಾರೆ ಕೈಲಾಸ್, ಎಳೆಯಿಂದ ಕಣ್ಣು ತೆಗೆಯದೆ. "ಭವಿಷ್ಯ ಹೇಳೋರು ಯಾರೂ ಹೊಂಡಕ್ಕಿಳಿದಿಲ್ಲ."

ಅಂಥ ಭವಿಷ್ಯ ನಂಬಿ ಕೆಟ್ಟವರೊಬ್ಬರು ಹೊಂಡದ ಅಂಚಿನಲ್ಲೇ ನಿಂತಿದ್ದಾರೆ. ಎದುರು ಮನೆಯ ಬದರೀನಾರಾಯಣ ಪಂಚಾಂಗ ಗಣಿಸುವವರು. ಕಂಪ್ಯೂಟರ್ ಅಂಗಡಿಯವನ ಮಾತು ಕೇಳಿ ಹಳೆಯದನ್ನು ಕೊಟ್ಟು, ಎಲ್ಲವನ್ನೂ ಇಂಟರ್ನೆಟ್ ಮೂಲಕ ದೂರದಲ್ಲೆಲ್ಲೋ ಇಟ್ಟುಕೊಳ್ಳುವ ಹೊಸ ಡಬ್ಬ ತಂದಿದ್ದಾರೆ. ಮುಂದಿನ ವರ್ಷದ ಪಂಚಾಂಗದ ತಿದ್ದಿದ ಪುಟಗಳೆಲ್ಲ ಅಲ್ಲೇ ಇವೆ. ಒಂಬತ್ತಕ್ಕೆ ಅವು ಮುದ್ರಣಾಲಯ ಸೇರದಿದ್ದರೆ ಯಂತ್ರ ಬೇರೆಯವರ ಕೆಲಸಕ್ಕೆ ಹೋಗುತ್ತದೆ, ಪಂಚಾಂಗ ಯುಗಾದಿಗೆ ಸಿಗುವುದಿಲ್ಲ. ಮೊಬೈಲಿನಲ್ಲಿ ತೆರೆಯಲು ಹೋದರೆ ಚಕ್ರ ಸುತ್ತುತ್ತದೆ, ಅಷ್ಟೇ.

"ಗ್ರಹಣ ಎಷ್ಟೊತ್ತಿಗೆ ಹಿಡಿಯುತ್ತೆ ಅಂತ ನಿಮಿಷ ಸಮೇತ ಹೇಳ್ತೀನಪ್ಪ. ಈ ನೆಟ್ ಯಾವಾಗ ಬರುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ," ಎಂದು ಅವರು ನಿಟ್ಟುಸಿರಿಡುತ್ತಾರೆ.

ಏಳೂವರೆಗೆ ಪೈಪಿನ ಗುತ್ತಿಗೆದಾರ ನಾರಾಯಣಪ್ಪ ಬಂದು ಜೆಸಿಬಿ ಚಾಲೂ ಮಾಡಿಸುತ್ತಾರೆ. ಅವರಿಗೂ ಮೇಲಿನವರ ಗಡುವಿದೆ. ಎದ್ದುಬಿಡಿ, ಅಗೆಯಬೇಕು ಎನ್ನುತ್ತಾರೆ. ಬೆಸೆದಿರುವುದು ಹದಿನಾಲ್ಕು ಎಳೆ. ಕೈಲಾಸ್ ಏಳುವುದಿಲ್ಲ, ದನಿಯನ್ನೂ ಏರಿಸುವುದಿಲ್ಲ. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಹೊಂಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

"ಅಗೀರಿ ಸಾರ್. ನನ್ನನ್ನೂ ಸೇರಿಸೇ ಅಗೀರಿ. ಎಂಟನೇ ಸಲ ಬಂದು ಜೋಡಿಸೋ ತ್ರಾಣ ನಂಗಿಲ್ಲ."

ಬದರೀನಾರಾಯಣರೂ ಪಂಚೆ ಎತ್ತಿಕಟ್ಟಿ ಮಣ್ಣಿನ ದಿಬ್ಬದ ಮೇಲೆ ಕೂತುಬಿಡುತ್ತಾರೆ. ಇಬ್ಬರನ್ನೂ ನೋಡಿ ನಾರಾಯಣಪ್ಪ ಎಂಜಿನ್ ಆರಿಸಲು ಕೈಸನ್ನೆ ಮಾಡುತ್ತಾರೆ.

ಎಂಟೂ ಮುಕ್ಕಾಲಿಗೆ ಕೊನೆಯ ಎಳೆ ಕೂಡುತ್ತದೆ. ಎದುರು ಮನೆಯ ಕಿಟಕಿಯಿಂದ ಬದರೀನಾರಾಯಣರ ಕೂಗು ಕೇಳಿಸುತ್ತದೆ: ಹೋಯ್ತು, ಎಲ್ಲ ಪುಟ ಪ್ರೆಸ್ಸಿಗೆ ಹೋಯ್ತು.

ಕೈಲಾಸ್ ಮಾತ್ರ ಆಗಲೇ ಬಣ್ಣದ ಡಬ್ಬಿ ತೆಗೆದು, ಕೇಬಲ್ ಹಾದುಹೋಗುವ ಜಾಗದ ಪಕ್ಕದ ಗೋಡೆಯ ಮೇಲೆ ತಮ್ಮ ಫೋನ್ ನಂಬರನ್ನು ದಪ್ಪಗೆ ಬರೆಯುತ್ತಿದ್ದಾರೆ. ಮುಂದೇನಾಗಬೇಕು ಅಂತ ನಿಮ್ಮಾಸೆ ಎಂದು ಕೇಳಿದರೆ ಕುಂಚ ಒರೆಸುತ್ತಾ ಹೇಳುತ್ತಾರೆ:

"ಅಗೆಯೋಕೆ ಮುಂಚೆ ಒಂದು ಫೋನ್ ಮಾಡ್ಲಿ ಸಾರ್, ಸಾಕು. ನಾನೇ ಬಂದು ತೋರಿಸ್ತೀನಿ, ಎಲ್ಲಿ ಅಗೀಬಾರ್ದು ಅಂತ."