ಬಂಗಾರದ ಬಣ್ಣದ ಬೆಲ್ಲ

ಮೊನ್ನೆ ಅಂಗಡಿಯಿಂದ ತಂದ ಬೆಲ್ಲದ ಪೊಟ್ಟಣ ಬಿಚ್ಚಿದೆ. ಹಳದಿ ಅಂದರೆ ಹಳದಿ, ಅರಿಷಿಣವೂ ನಾಚಬೇಕು. ಮೂಗಿಗೆ ಬಡಿದದ್ದು ಕಬ್ಬಿನ ವಾಸನೆಯಲ್ಲ, ಔಷಧಿಯ ಘಾಟು. ಥೂ ಎಂದು ಹೊರಗಿಟ್ಟೆ. ಆ ಘಾಟಿನ ಹಿಂದೆಯೇ ನಮ್ಮ ಗುಳವ್ಯಾ ಕಾಕಾ ನೆನಪಾದರು...

ನಾನು ದಿಗ್ಗೇವಾಡಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಕೊನೆಗೆ. ನಮ್ಮ ಹೊಲದಲ್ಲೇ ಗಾಣವಿತ್ತು. ಕಬ್ಬಿನ ಹಾಲು ಕುದಿಸಿ ಬೆಲ್ಲದ ಹದ ನೋಡುವ ಕಸಬುದಾರನಿಗೆ ನಮ್ಮ ಕಡೆ ಗುಳವ್ಯಾ ಎನ್ನುತ್ತಾರೆ. ಕಾಕಾ ಬೆಂಡಿ ಗಿಡ ಜಜ್ಜಿದ ಲೋಳೆ ಹಾಕಿ ಹೊಲಸು ತೆಗೆಯುತ್ತಿದ್ದರು. ತಣ್ಣೀರಿಗೆ ಒಂದಿಷ್ಟು ಪಾಕ ಬಿಟ್ಟು, ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಬಡಿಯುತ್ತಿದ್ದರು. ಆ ಸಪ್ಪಳ ಕೇಳಿಯೇ "ಇಳಸ್ರಿ" ಅನ್ನುವುದು. ಅವರ ಬೆಲ್ಲ ಕೆಂಪಗೆ, ಮಬ್ಬು ಬಣ್ಣ. ಮಳೆಗಾಲ ಕಳೆದರೂ ನೀರೊಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಪೇಟೆಗೆ ಹಳದಿ ಬೆಲ್ಲದ ಹುಚ್ಚು ಹಿಡಿಯಿತು. ಬಣ್ಣ ಬಿಡಿಸುವ ಬಿಳಿ ಪುಡಿಯ ಡಬ್ಬಿ ತಂದ ಮಾವನವರಿಗೆ ಕಾಕಾ ಮುಖದ ಮೇಲೆಯೇ ಹೇಳಿದರು: "ಅದನ್ನ ಹಾಕೂದಾದ್ರ ನನ್ನ ಕರೀಬ್ಯಾಡ್ರಿ ಮಾಲಕ್ರ. ನಾ ಹದಾ ನೋಡಾಂವ, ಬಣ್ಣಾ ಹಚ್ಚಾಂವ ಅಲ್ಲ."

ಮಾವನವರು ಹೂಂ ಅಂದರು. ಮರುದಿನ ಕಾಕಾ ನೀರು ಕುಡಿಯಲು ಆಚೆ ಹೋದಾಗ ಹಿಡಿ ಪುಡಿ ಕೊಪ್ಪರಿಗೆಗೆ ಸುರಿದರು. ಬುತ್ತಿ ತಂದಿದ್ದ ನಾನು ಕಣ್ಣಾರೆ ನೋಡಿದೆ.

ಕಾಕಾ ಬಂದು ಪಾಕ ಮುಟ್ಟಿದರು. ಬೆರಳು ಮೂಸಿದರು. ಮಾವನವರನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಯವ್ವಾ, ಇದಕ್ಕ ಏನರ ಹಾಕ್ಯಾರೇನ?"

"ಇಲ್ರಿ ಕಾಕಾ," ಎಂದೆ.

ಅವರು ಟವೆಲ್ ಹೆಗಲಿಗೆ ಹಾಕಿಕೊಂಡರು. "ಆತ್ರಿ ಮಾಲಕ್ರ. ಏನರ ಮಾಡ್ಕೋರಿ, ಆದ್ರ ಈ ಬೆಲ್ಲಕ್ಕ ನನ್ನ ಹೆಸರ ಹಚ್ಚಬ್ಯಾಡ್ರಿ." ಅಷ್ಟೇ. ಮತ್ತೆ ನಮ್ಮ ಹೊಲ ತುಳಿಯಲಿಲ್ಲ.

ಮಾವನವರಿಗೆ ನಾಚಿಕೆ ಎಲ್ಲಿಯದು! ವ್ಯಾಪಾರಿಗಳು ಬಂದು ಬೆಲ್ಲದ ಬಣ್ಣ ಹೊಗಳಿದಾಗ, "ನಮ್ಮ ಗುಳವ್ಯಾನ ಕೈಗುಣಾರಿ" ಎಂದು ಹಲ್ಲು ಕಿರಿದರು. ವರ್ಷಗಟ್ಟಲೆ ಅದನ್ನೇ ಹೇಳಿದರು.

ಕಾಕಾ ತೀರಿಹೋಗಿ ಬಹಳ ವರ್ಷವಾಯಿತು. ಮಾವನವರೂ ಇಲ್ಲ. ನಿನ್ನೆ ಮನೆಗೆ ಬೀಗರು ಬಂದಿದ್ದರು. ಮೈದುನ ಹಳೆಯ ಮಾತು ತೆಗೆದ: "ಕಾಕಾನಂಥಾ ಗುಳವ್ಯಾ ಈಗ ಎಲ್ಲಿ ಸಿಗತಾನ್ರಿ? ಬೆಲ್ಲಾ ಅಂದ್ರ ಹಳದಿ ಬಂಗಾರ! ಹೌದಿಲ್ರೀ ವೈನಿ?"

ಅದು ಕಾಕಾನ ಬೆಲ್ಲ ಅಲ್ಲ ಎಂದು ಹೇಳಬಲ್ಲವಳು ಈಗ ನಾನೊಬ್ಬಳೇ. "ಹೌದ್ರಿ," ಎಂದೆ. ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.