ಅವ್ವ ಕೇಳಿದ ಬೆಲ್ಲದ ನೀರು

ನಮ್ಮ ಅಕ್ಕನ ದಪ್ಪ ಮೈಕಟ್ಟಿನ ಬಗ್ಗೆ ನಮ್ಮೂರು ಶಾಗ್ಯದಲ್ಲಿ ಎಲ್ಲರದೂ ಒಂದೊಂದು ಮಾತಿತ್ತು. ಅವಳು ಉಣ್ಣುತ್ತಿದ್ದದ್ದು ಅರ್ಧ ಮುದ್ದೆ. "ನಾನು ಸಾರಿನ್ ವಾಸ್ನೆಗೇ ಊದ್ಕತೀನಿ ಕಣ್ಲಾ" ಎಂದು ಅವಳೇ ನಗುತ್ತಿದ್ದಳು. ಯಳಂದೂರಿಗೆ ಕೊಟ್ಟಿದ್ದ ಅವಳು ಗಂಡ ಹೋದ ಮೇಲೆ ಮನೆಗೆ ಬಂದು, ಹಾಸಿಗೆ ಹಿಡಿದ ಅವ್ವನ ಪಕ್ಕದಲ್ಲೇ ಮಲಗಿ, ಕೊನೆಯವರೆಗೂ ಉಣ್ಣಿಸಿದವಳು. ಅಷ್ಟರಲ್ಲಿ ಅವಳಿಗೂ ಸಕ್ಕರೆ ಕಾಯಿಲೆ ಅಂಟಿತು. ನಾನು ಕೊಳ್ಳೇಗಾಲದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ತಂತಿ ಬಿಚ್ಚಿ ನೋಡದೆ ಯಾವುದನ್ನೂ ನಂಬುವ ಜಾಯಮಾನ ನನ್ನದಲ್ಲ.

ಅವ್ವ ತೀರಿದ ವರ್ಷ ಮಹಾಲಯ ಅಮಾವಾಸ್ಯೆಗೆ ಅವಳಿಗೆ ಎಡೆ ಇಟ್ಟೆವು. ನಮ್ಮಲ್ಲಿ ಎಡೆಯ ಅಡುಗೆ ಮಾಡುವವಳು ಉಪವಾಸ ಇರಬೇಕು, ಉಪ್ಪು ಕೂಡ ರುಚಿ ನೋಡುವಂತಿಲ್ಲ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಕೋಣೆಯಲ್ಲಿ ಎಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಆಚೆ ಕೂರಬೇಕು. ಅವರು ಉಂಡ ಮೇಲೆ ನಮ್ಮ ಊಟ. ಅಕ್ಕ ಬೆಳಿಗ್ಗೆ ಎಂದಿನಂತೆ ಕಾಯಿಲೆಯ ಮಾತ್ರೆ ನುಂಗಿ ಒಲೆ ಮುಂದೆ ಕೂತಿದ್ದಳು. ಬಾಗಿಲು ಮುಚ್ಚುವಾಗ ಹೊತ್ತು ಇಳಿದಿತ್ತು. ಕಜ್ಜಾಯದ ವಾಸನೆ, ಬಾಡಿನ ಸಾರಿನ ವಾಸನೆ ಬಾಗಿಲ ಸಂದಿಯಿಂದ ಪಡಸಾಲೆಗೆ ಬರುತ್ತಿತ್ತು. ಒಳಗೆ ಎಲೆ ಸರಿದ ಸದ್ದಾಯಿತು. ಇಲಿಯಿರಬೇಕು.

ಮೊದಲು ಅಕ್ಕನ ಕೈ ನಡುಗಿತು. ಬೆವರಿಗೆ ರವಿಕೆ ಬೆನ್ನಿಗೆ ಅಂಟಿತು. ಕಣ್ಣುಗಳು ನಮ್ಮನ್ನೆಲ್ಲ ದಾಟಿ ಎಲ್ಲೋ ನೆಟ್ಟವು. "ಅತ್ಗೆಮ್ಮ ಬಂದ್ರು" ಎಂದು ನಮ್ಮ ಚಿಕ್ಕಪ್ಪ ಕೈಮುಗಿದರು. ಎಲ್ಲರೂ ಮುಗಿದರು. ನನಗೆ ರೇಗಿತು, ಮೈಯೂ ಜುಮ್ಮೆಂದಿತು. ಅಕ್ಕ ನನ್ನ ಕಡೆ ತಿರುಗಿ ತೊದಲಿದಳು: "ಕೂಸೇ, ಒಂದ್ ಲೋಟ ಬೆಲ್ಲದ್ ನೀರ್ ಕೊಡಪ್ಪ."

ನನ್ನನ್ನು ಕೂಸೇ ಎನ್ನುತ್ತಿದ್ದವಳು ಅವ್ವ ಒಬ್ಬಳೇ. ಹೊಲದಿಂದ ಬಂದು ಕೂತು ಅವಳು ಕೇಳುತ್ತಿದ್ದುದೂ ಅದನ್ನೇ. ಅಕ್ಕನಿಗೆ ನಾನು ಯಾವತ್ತಿಗೂ 'ಲಾ'.

ಅಕ್ಕ ಕೇಳಿದ್ದರೆ ಬೆಲ್ಲದ ಚೂರನ್ನೂ ಯಾರೂ ಕೊಡುತ್ತಿರಲಿಲ್ಲ, ಸಕ್ಕರೆ ಕಾಯಿಲೆಯವಳಲ್ಲವೇ. ಆದರೆ ಕೇಳಿದ್ದು ಅವ್ವ. ಚಿಕ್ಕಪ್ಪನೇ ಓಡಿ ಕಲಸಿ ತಂದರು. ಕುಡಿದ ಸ್ವಲ್ಪ ಹೊತ್ತಿಗೆ ಅಕ್ಕನ ಕಣ್ಣಿಗೆ ಕಳೆ ಬಂತು. "ಯಾಕ್ಲಾ, ಎಲ್ಲಾ ಇಂಗ್ ನೋಡ್ತಾವ್ರೆ?" ಎಂದಳು.

ಮಾರನೆಯ ದಿನ ಅವಳನ್ನು ಕೊಳ್ಳೇಗಾಲದ ಡಾಕ್ಟರ ಹತ್ತಿರ ಕರೆದೊಯ್ದೆ. ರಕ್ತದ ಸಕ್ಕರೆ ತೀರಾ ಇಳಿದುಹೋಗಿತ್ತು, ಮಾತ್ರೆ ನುಂಗಿ ಉಪವಾಸ ಇದ್ದದ್ದೇ ಮುಖ್ಯ ಕಾರಣ, ಬೆಲ್ಲದ ನೀರು ಕುಡಿಸದಿದ್ದರೆ ಜೀವ ಹೋಗುತ್ತಿತ್ತು ಎಂದು ಬೈದರು. ಆಮೇಲೆ ಇನ್ನೊಂದು ವಿಷಯ ಹೇಳಿದರು. ಮೆದುಳಿನಿಂದ ಹೊಟ್ಟೆಗೆ ಇಳಿಯುವ ನರವೊಂದಿದೆ. ಮೂಗಿಗೆ ವಾಸನೆ ತಾಕಿದರೆ ಸಾಕು, ತುತ್ತು ಬಾಯಿಗೆ ಬೀಳುವ ಮುಂಚೆಯೇ ಅದು ಮೇದೋಜೀರಕ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಗ್ರಂಥಿ ಸಕ್ಕರೆ ಇಳಿಸುವ ಇನ್ಸುಲಿನ್ ಒಂದಿಷ್ಟು ಬಿಟ್ಟು ಕಾಯುತ್ತದೆ. ಕೆಲವರ ಮೈಯಲ್ಲಿ ಇದು ಹೆಚ್ಚು, ತಿಂದದ್ದು ಕೊಬ್ಬಾಗಿ ಕೂರುವುದೂ ಹೆಚ್ಚು. ದಪ್ಪಗಾಗುವುದಕ್ಕೆಲ್ಲ ಬಾಯಿಚಪಲವೇ ಕಾರಣವಲ್ಲ. ಅಕ್ಕ ನನ್ನ ಮುಖ ನೋಡಿ ನಕ್ಕಳು.

"ಊಟ ಬರ್ನೇ ಇಲ್ಲ ಅಂದ್ರೆ ಸಾ?" ಎಂದೆ.

"ಆ ನರಕ್ಕೆ ಅದು ಗೊತ್ತಾಗಲ್ಲ ಕಣ್ರಿ" ಎಂದರು.

ತಂತಿ ಕೆಲಸದವನಿಗೆ ಇದು ಹಿಡಿಸಿತು. ಆದರೆ ಕೂಸೇ ಎಂದು ಕರೆದದ್ದು ಯಾವ ನರ ಎಂದು ಕೇಳಲು ಬಾಯಿ ಬರಲಿಲ್ಲ.

ಮರುವರ್ಷ ಎಡೆಗೆ ಮುಂಚೆ ಪಕ್ಕದಲ್ಲೇ ಕೂತು ಅಕ್ಕನಿಗೆ ಇಡ್ಲಿ ತಿನ್ನಿಸಿದೆ. ಚಿಕ್ಕಪ್ಪ ಮುಖ ತಿರುಗಿಸಿಕೊಂಡರು. ಬಾಗಿಲು ಮುಚ್ಚಿದರು, ಕಜ್ಜಾಯದ ವಾಸನೆ ಬಂತು, ಏನೂ ಆಗಲಿಲ್ಲ. ನಡುಗಲಿ ಎಂದು ಅಕ್ಕ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು. ಬಾಗಿಲು ತೆಗೆದಾಗ ಅತ್ತುಬಿಟ್ಟಳು.

"ನಂಗೆ ತಿನ್ನುಸ್ಬುಟ್ಟು ಅವ್ವುನ್ನ ಆಚೇಲೇ ನಿಲ್ಲುಸ್ಬುಟ್ಟೆ ಕಣ್ಲಾ."

"ನಿನ್ ಪ್ರಾಣ ಓದ್ಮೇಲೆ ಅವ್ವ ಬಂದು ಏನ್ ಮಾಡಾಳು?" ಎಂದು ಗದರಿದೆ. ಗದರಿದೆನೇ ಹೊರತು, ಆ ಸಂಜೆ ನಾನೂ ಕಿವಿಗೊಟ್ಟೇ ಕೂತಿದ್ದೆ.

ಈ ವರ್ಷವೂ ಇಡ್ಲಿ ಕೊಟ್ಟೆ. ತಿಂದೆ ಎಂದಳು, ನಂಬಿದೆ. ಬಾಗಿಲು ಮುಚ್ಚಿದ ಮೇಲೆ ಕೈ ತೊಳೆಯಲು ಹಿತ್ತಿಲಿಗೆ ಹೋದರೆ ಹಸುವಿನ ಕಲಗಚ್ಚಿನ ಬಾನಿಯಲ್ಲಿ ಇಡ್ಲಿಗಳು ಕೊಟ್ಟ ಹಾಗೇ ತೇಲುತ್ತಿದ್ದವು. ಅವ್ವ ಬರಲೆಂದು ಹೊಟ್ಟೆ ಖಾಲಿ ಇಟ್ಟುಕೊಂಡಿದ್ದಳು. ಅಡುಗೆಮನೆಗೆ ನುಗ್ಗಿ ಬೆಲ್ಲ ಕಲಸಿಕೊಂಡು ಓಡಿದೆ.

ಅಕ್ಕ ಗೋಡೆಗೆ ಒರಗಿದ್ದಳು. ತುಟಿಯ ಮೇಲೆ ಬೆವರು, ಮುಖದಲ್ಲಿ ನಗು. ಚಿಕ್ಕಪ್ಪ ಆಗಲೇ ಕೈಮುಗಿದು ಕೂತಿದ್ದರು. ಯಾರನ್ನೂ ಕೇಳದೆ ಲೋಟವನ್ನು ಅವಳ ಬಾಯಿಗಿಟ್ಟೆ. ಎರಡು ಗುಟುಕು ಕುಡಿದು, ಕೈಯೆತ್ತಿ ನನ್ನ ಕೆನ್ನೆ ಸವರಿದಳು.

"ಇಷ್ಟ್ ಬೇಗ ಕಳುಸ್ಬುಡ್ತೀಯಾ ಕೂಸೇ?"

ಲೋಟದಲ್ಲಿ ಇನ್ನೂ ಅರ್ಧ ಉಳಿದಿತ್ತು. ಅಳುತ್ತಲೇ ಅದನ್ನೂ ಕುಡಿಸಿದೆ.